ಹಾಲ್‌ನ ಕೀ ಯಾರ ಹತ್ರ ಉಂಟು?

ಹೋದ ತಿಂಗಳು ಈ ಸಂಗೀತದ ಪ್ರಶ್ನೋತ್ತರ ಅಂಕಣಕ್ಕೆ ಬರೆದು ಯಾರೋ ಒಬ್ರು ಹಾರ್ಮೋನಿಯಂ ರಿಪೇರಿ ಬಗ್ಗೆ ಕೇಳಿದ್ರು. ಅದಕ್ಕೆ ಉತ್ತರ ಬರೀತಾ "ಉಡುಪಿಯ ನಮ್ಮ ಸಂಗೀತ ಕೂಟದಲ್ಲಿ ಸಂಬಳದವರು ಯಾರೂ ಇಲ್ಲ, ನಾವೇ ಗುಡಿಸಿ ನಾವೇ ಹಾಡೋದು" ಅಂತ ಒಂದು ಸಾಲು ಸೇರಿಸಿಬಿಟ್ಟೆ. ಅಷ್ಟೇ ಮಾಡಿದ್ದು ಮಾರಾಯ್ರೆ. ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಅದರ ಮೇಲೆಯೇ. ಹಾಗಾಗಿ ಅಂಕಣ ಪೂರ್ತಿ ಅದಕ್ಕೇ ಕೊಟ್ಟಿದ್ದೇನೆ. ರಾಗ, ತಾಳ ಕೇಳಿದವರು ಬೇಜಾರು ಮಾಡ್ಬೇಡಿ, ಮುಂದಿನ ತಿಂಗಳು ನೋಡುವ.

ಪ್ರಶ್ನೆ: ನಾವು ಐದು ಜನ ಫ್ರೆಂಡ್ಸ್. ಇಬ್ರು ಗಿಟಾರ್, ಒಬ್ಬ ಕೀಬೋರ್ಡ್, ಒಬ್ಬ ತಬಲಾ, ನಾನು ಹಾಡೋದು. ನಮ್ಮೂರಲ್ಲೂ ಒಂದು ಮ್ಯೂಸಿಕ್ ಕ್ಲಬ್ ಮಾಡ್ಬೇಕು ಅಂತ ಆಸೆ ಉಂಟು. ನಿಮ್ಮದು ಹೇಗೆ ಶುರುವಾಯ್ತು, ಹೇಗೆ ಬೆಳೀತು? (ಸುರತ್ಕಲ್‌ನಿಂದ ಒಬ್ಬರು)

ಉತ್ತರ: ಐದು ಜನ ಫ್ರೆಂಡ್ಸ್ ಅಂದ್ರೆ ಅದು ಬ್ಯಾಂಡ್, ಕ್ಲಬ್ ಅಲ್ಲ. ನಿಮಗೆ ಗುರ್ತವೇ ಇಲ್ಲದ ಆರನೆಯವ ಬಾಗಿಲಲ್ಲಿ ನಿಂತು "ನಾನೂ ಒಂದು ಹಾಡ್ಬಹುದಾ" ಅಂತ ಕೇಳಿ, ಶ್ರುತಿ ಬಿಟ್ಟು ಹಾಡಿ, ಆಮೇಲೂ ನೀವು ಅವನಿಗೆ "ಬರುವ ತಿಂಗಳು ಬನ್ನಿ ಆಯ್ತಾ" ಅಂತ ಹೇಳ್ಲಿಕ್ಕೆ ರೆಡಿ ಇದ್ದೀರಾ? ಮೊದ್ಲು ಐವರೂ ಕೂತು ಅದನ್ನು ಮಾತಾಡಿ. ಇಲ್ಲ ಅಂತಾದ್ರೆ ತಪ್ಪೇನಿಲ್ಲ, ಬ್ಯಾಂಡೇ ಲಾಯ್ಕ ಮಾಡಿ.

ನಮ್ಮದು ಶುರುವಾದದ್ದು ಪೇಟೆಯಿಂದ ಸ್ವಲ್ಪ ಆಚೆ ಒಂದು ಯುವಕ ಮಂಡಲದ ಹಾಲ್‌ನಲ್ಲಿ. ಹಾಲ್ ಅಂದ್ಕೂಡ್ಲೆ ದೊಡ್ಡದು ಅಂದ್ಕೊಳ್ಬೇಡಿ, ಹಂಚಿನ ಮಾಡು, ಕಾವಿ ನೆಲ, ನಡುವಲ್ಲಿ ಒಂದು ಕೇರಂ ಬೋರ್ಡು, ಗೋಡೆ ತುಂಬ ಹಗ್ಗಜಗ್ಗಾಟದಲ್ಲಿ ಗೆದ್ದ ಶೀಲ್ಡು. ಮಂಡಲದ ಹಿರಿಯರು ತಿಂಗಳ ಎರಡನೇ ಆದಿತ್ಯವಾರ ಸಂಜೆ ಕೊಡ್ತೇವೆ, ಕರೆಂಟ್ ಬಿಲ್ಲಿನ ಪಾಲು ನಿಮ್ಮದು, ಕೇರಂ ಬೋರ್ಡಿನ ಮೇಲೆ ಚಾ ಗ್ಲಾಸ್ ಇಡ್ಲಿಕ್ಕಿಲ್ಲ ಅಂತ ಹೇಳಿದ್ರು. ಮೊದಲ ದಿನ ಒಂಬತ್ತು ಜನ. ಅದ್ರಲ್ಲಿ ಇಬ್ರು ಕೇರಂ ಆಡ್ಲಿಕ್ಕೆ ಬಂದು ಸಿಕ್ಕಿಬಿದ್ದವರು. ಆ ಇಬ್ರಲ್ಲಿ ಒಬ್ಬ ಇವತ್ತು ನಮ್ಮ ಸೌಂಡ್ ನೋಡ್ಕೊಳ್ಳೋದು, ಅವನು ಒಂದು ಸಾಲು ಹಾಡಿದ್ದನ್ನು ನಾನಂತೂ ಕೇಳಿದ್ದಿಲ್ಲ.

ಬೆಳೆದದ್ದು ಹೇಗೆ ಅಂದ್ರೆ, ಪ್ರಚಾರ ಮಾಡಿ ಅಲ್ಲ. ಒಂದೇ ಒಂದು ಸಲ ಬಿಟ್ರೆ ದಿನ ತಪ್ಪಿಸ್ಲಿಲ್ಲ, ಅಷ್ಟೇ. ಎರಡನೇ ಆದಿತ್ಯವಾರ ಸಂಜೆ ಐದೂವರೆಗೆ ಬಾಗಿಲು ತೆಗೆದಿರ್ತದೆ. ಮದುವೆ ಸೀಸನ್ ಇರ್ಲಿ, ಮಳೆ ಇರ್ಲಿ, ಕ್ರಿಕೆಟ್ ಫೈನಲ್ ಇರ್ಲಿ. ಒಂದು ಜುಲೈಯಲ್ಲಿ ನಾಲ್ಕೇ ಜನ ಇದ್ದದ್ದೂ ಉಂಟು, ಹೊರಗೆ ಮಳೆ ಎಷ್ಟು ಜೋರು ಅಂದ್ರೆ ಮೈಕ್ ಆನ್ ಮಾಡಿದ್ರೂ ಪಕ್ಕದವನಿಗೆ ಕೇಳ್ತಿರ್ಲಿಲ್ಲ, ಆದ್ರೂ ಒಂದು ಗಂಟೆ ಕೂತು ಬಾಳೆಕಾಯಿ ಚಿಪ್ಸ್ ತಿಂದು ಎದ್ದು ಬಂದೆವು. ಜನಕ್ಕೆ ಫೋನ್ ಮಾಡಿ "ಈ ಸಲ ಉಂಟಾ" ಅಂತ ಕೇಳುವ ಅಗತ್ಯವೇ ಬರಬಾರದು. ನಿಮ್ಮ ಹತ್ರದಲ್ಲೇ ಉದಾಹರಣೆ ಉಂಟಲ್ಲ, ಮಂಗಳೂರು ಶಕ್ತಿನಗರದ ಕಲಾಂಗಣದಲ್ಲಿ ಕೊಂಕಣಿ ಸಂಗೀತ ಸಂಸ್ಥೆ ಮಾಂಡ್ ಸೊಭಾಣ್‌ನವರು 2002ರಿಂದ ತಿಂಗಳ ಮೊದಲ ಆದಿತ್ಯವಾರ ಅಂತ ವೇದಿಕೆ ನಡೆಸ್ತಾ ಬಂದಿದ್ದಾರೆ. ಅವ್ರು 2008ರಲ್ಲಿ 40 ಗಂಟೆ ಬಿಡದೆ ಕೊಂಕಣಿ ಹಾಡು ಹಾಡಿ ಗಿನ್ನೆಸ್ ದಾಖಲೆ ಮಾಡಿದ್ದನ್ನು ಎಲ್ರೂ ಹೇಳ್ತಾರೆ, ನನಗೆ ಮಾತ್ರ ಆ ತಿಂಗಳ ಆದಿತ್ಯವಾರವೇ ದೊಡ್ಡ ದಾಖಲೆ ಅಂತ ಕಾಣ್ತದೆ.

ಎರಡನೇ ವರ್ಷಕ್ಕೆ ಬೇರೆ ತರದ ಮಂಡೆಬಿಸಿ ಶುರುವಾಯ್ತು. ಜನ ಜಾಸ್ತಿ. ಒಬ್ಬೊಬ್ರು ಮೂರು ಮೂರು ಹಾಡು ಹಾಡಿ, ಕೊನೆಯವರ ಪಾಳಿ ಬರುವಾಗ ಕೇಳ್ಲಿಕ್ಕೆ ಇದ್ದದ್ದು ಅವರ ಹೆಂಡತಿ ಮತ್ತು ಕುರ್ಚಿ ಜೋಡಿಸುವವ. ಆವಾಗ ತಂದದ್ದು ಒಂದು ಸ್ಲೇಟು, ಶಾಲೆ ಮಕ್ಕಳದ್ದು, ಮರದ ಚೌಕಟ್ಟಿಂದು. ಬಾಗಿಲ ಹತ್ರ ಇಡೋದು, ಬಂದ ಕ್ರಮದಲ್ಲಿ ಹೆಸರು ಬರೆಯೋದು, ಒಬ್ರಿಗೆ ಒಂದೇ ಹಾಡು. ಎಲ್ರದ್ದೂ ಮುಗಿದು ಟೈಮ್ ಉಳಿದ್ರೆ ಮಾತ್ರ ಎರಡನೇ ಸುತ್ತು. ಒಂದು ಸಲ ಆರ್ಕೆಸ್ಟ್ರಾದಲ್ಲಿ ಹೆಸರು ಮಾಡಿದ ಗಾಯಕರೊಬ್ರು ಬಂದು "ನನಗೆ ಬೇಗ ಹೋಗ್ಲಿಕ್ಕುಂಟು, ಮೊದಲು ಹಾಕಮ್ಮ" ಅಂದ್ರು. ಸ್ಲೇಟಿನ ಹತ್ರ ಇದ್ದದ್ದು ಒಂಬತ್ತನೇ ಕ್ಲಾಸಿನ ಹುಡುಗಿ. ಅವಳು ತಲೆ ಎತ್ತದೆ "ನಿಮ್ಮದು ಹದಿನಾಲ್ಕು ಅಂಕಲ್" ಅಂತ ಬರೆದ್ಳು. ನಮಗೆಲ್ಲ ಎದೆ ಧಸಕ್. ಅವ್ರು ಒಂದು ನಿಮಿಷ ಸ್ಲೇಟು ನೋಡಿದ್ರು, ಹೋಗಿ ಕೂತ್ರು, ಹದಿನಾಲ್ಕನೆಯವರಾಗಿ ಹಾಡಿದ್ರು. ಈಗ್ಲೂ ಬರ್ತಾರೆ, ಬರುವಾಗ ಎಲ್ರಿಗೂ ಗೋಳಿಬಜೆ ತರ್ತಾರೆ.

ಇನ್ನೊಂದು ಮಾತು. ಇದೆಲ್ಲ ಹೊಸದಾಗಿ ಕಂಡುಹಿಡಿದದ್ದು ಅಂತ ತಿಳ್ಕೊಳ್ಬೇಡಿ. ನಮ್ಮ ಕಡೆ ಭಜನಾ ಮಂಡಳಿಗಳು, ತಾಳಮದ್ದಳೆ ಕೂಟಗಳು, ಚರ್ಚಿನ ಕ್ವಾಯರ್‌ಗಳು ಎಷ್ಟು ಕಾಲದಿಂದ ಸಂಬಳ ಇಲ್ಲದೆ ನಡೀತಾ ಉಂಟು. ಒಂದು ಶನಿವಾರ ಹತ್ರದ ಭಜನಾ ಮಂದಿರಕ್ಕೆ ಹೋಗಿ ಸುಮ್ಮನೆ ಕೂತು ನೋಡಿ. ಯಾರು ಜಮಖಾನ ಹಾಸ್ತಾರೆ, ಹೊಸ ಹುಡುಗನ ಕೈಗೆ ತಾಳ ಯಾವಾಗ ಕೊಡ್ತಾರೆ ಅಂತ. ನಾವು ಕಲಿತದ್ದು ಅಲ್ಲಿಯೇ.

ಪ್ರಶ್ನೆ: ನಮ್ಮ ಹುಡುಗರು ಹಾಡ್ಲಿಕ್ಕೆ ಸೇರುವ ಗುಂಪನ್ನು ರಿಜಿಸ್ಟರ್ ಮಾಡ್ಲೇಬೇಕಾ? ಕೆಲವ್ರು ಬೇಡ ತಲೆನೋವು ಅಂತಾರೆ. (ಕಾಪುವಿನಿಂದ ಒಬ್ಬರು)

ಉತ್ತರ: ಹಾಡ್ಲಿಕ್ಕೆ ರಿಜಿಸ್ಟ್ರೇಷನ್ ಬೇಡ. ದುಡ್ಡು ಇಟ್ಕೊಳ್ಳಿಕ್ಕೆ ಬೇಕು.

ನಮ್ಮ ಕತೆ ಕೇಳಿ. ಮೊದಲ ಎರಡು ವರ್ಷ ಎಲ್ರೂ ಕೊಟ್ಟ ನೂರು ಇನ್ನೂರು ಒಬ್ಬ ಸದಸ್ಯರ ಸೇವಿಂಗ್ಸ್ ಅಕೌಂಟಿಗೆ ಹೋಗ್ತಿತ್ತು. ಮನುಷ್ಯ ಚಿನ್ನ. ಒಂದು ದಿನ ಅವ್ರಿಗೆ ಕುವೈಟ್‌ನಲ್ಲಿ ಕೆಲಸ ಸಿಕ್ಕಿತು, ಹೋದ್ರು. ನಮಗೆ ಮಿಕ್ಸರ್ ತೆಗೀಲಿಕ್ಕೆ ದುಡ್ಡು ಬೇಕು ಅನ್ನುವಾಗ ಅವರ ಊರಿನ ಸಿಮ್ ಬಂದ್ ಆಗಿ ಓಟಿಪಿ ಬರುದಿಲ್ಲ, ಅವರಿಗೆ ರಜೆ ಸಿಗುದಿಲ್ಲ, ನಮಗೆ ಕೇಳ್ಲಿಕ್ಕೆ ಸಂಕೋಚ, ಅವರಿಗೆ ಕೊಡ್ಲಿಕ್ಕಾಗದ ಸಂಕೋಚ, ಒಟ್ಟು ಎಂಟು ತಿಂಗಳು ಎರಡೂ ಕಡೆಯವರು ಫೋನಲ್ಲಿ ಬರೀ ಹವಾಮಾನ ಮಾತಾಡಿದ್ದು. ಬಂದ ಮೇಲೆ ಪೈಸೆ ಪೈಸೆ ಲೆಕ್ಕ ಕೊಟ್ರು, ಪಾಪ. ತಪ್ಪು ಅವರದ್ದಲ್ಲ, ನಮ್ಮ ವ್ಯವಸ್ಥೆದು.

ಮರು ತಿಂಗಳೇ ರಿಜಿಸ್ಟರ್ ಮಾಡಿಸಿದೆವು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಕಮ್ಮಿ ಅಂದ್ರೆ ಏಳು ಜನ ಬೇಕು. ಸಂಘದ ಉದ್ದೇಶ ಎಂತ ಅಂತ ಒಂದು ಪತ್ರ, ಒಂದು ಬೈಲಾ ಅಂದ್ರೆ ಸಂಘದ ನಿಯಮಾವಳಿ, ವಿಳಾಸದ ಪುರಾವೆ, ಎಲ್ರ ಗುರುತಿನ ಚೀಟಿ. ಜಿಲ್ಲೆಯ ಸಂಘಗಳ ನೋಂದಣಿ ಕಚೇರಿಯಲ್ಲಿ ಕೆಲಸ. ಬೈಲಾ ಮಾತ್ರ ಬೇರೆ ಸಂಘದ್ದನ್ನು ಹಾಗೇ ಝೆರಾಕ್ಸ್ ಮಾಡ್ಬೇಡಿ. ನಾವು ಹಾಗೆ ಮಾಡಿ, ಮೊದಲ ಪ್ರತಿಯಲ್ಲಿ ನಮ್ಮ ಸಂಗೀತ ಕೂಟದ ಉದ್ದೇಶಗಳಲ್ಲಿ "ಹೈನುಗಾರಿಕೆಗೆ ಪ್ರೋತ್ಸಾಹ" ಅಂತ ಇತ್ತು.

ಸರ್ಟಿಫಿಕೇಟ್ ಬಂದ ಮೇಲೆ ಸಂಘದ ಹೆಸರಲ್ಲೇ ಪ್ಯಾನ್, ಸಂಘದ ಹೆಸರಲ್ಲೇ ಬ್ಯಾಂಕ್ ಖಾತೆ, ಚೆಕ್ಕಿಗೆ ಇಬ್ಬರ ಸಹಿ. ಆ ಇಬ್ರೂ ಒಂದೇ ಮನೆಯವರು ಆಗ್ಬಾರ್ದು, ಮತ್ತೆ ಇಬ್ರಲ್ಲಿ ಒಬ್ರಾದ್ರೂ ಗಲ್ಫಿಗೆ ಹೋಗುವ ಪ್ಲಾನ್ ಇಲ್ಲದವರು ಇರ್ಲಿ. ಜನ ಹೇಳುವ ತಲೆನೋವು ಯಾವುದು ಅಂದ್ರೆ ವರ್ಷ ವರ್ಷದ್ದು: ಮಹಾಸಭೆ ಮಾಡ್ಬೇಕು, ಆಡಳಿತ ಮಂಡಳಿಯ ಪಟ್ಟಿ ಮತ್ತು ಆಡಿಟ್ ಆದ ಲೆಕ್ಕಪತ್ರ ಕಚೇರಿಗೆ ಸಲ್ಲಿಸ್ಬೇಕು. ನಾಲ್ಕು ವರ್ಷ ಬಿಟ್ಟು ಒಟ್ಟಿಗೆ ಕೊಡುವ ಅಂದ್ರೆ ಖಂಡಿತ ತಲೆನೋವೇ. ಆಯಾ ವರ್ಷದ್ದು ಆಯಾ ವರ್ಷ ಮಾಡಿದ್ರೆ ಒಂದು ಮಧ್ಯಾಹ್ನದ ಕೆಲಸ.

ಪ್ರಶ್ನೆ: ನಾವು ಹೆಂಗಸರು ಹತ್ತು ಹನ್ನೆರಡು ಜನ ಸೇರಿ ಹಳೆ ಸಿನಿಮಾ ಹಾಡು ಹಾಡ್ತೇವೆ. ಕಾಪಿರೈಟ್ ಅಂತ ಯಾರಾದ್ರೂ ಬಂದು ದುಡ್ಡು ಕೇಳ್ಬಹುದು ಅಂತ ನನ್ನ ಮಗ ಹೆದರಿಸ್ತಾನೆ. ಹೌದಾ? (ಮಂಗಳೂರು ಬಿಜೈಯಿಂದ ಒಬ್ಬರು)

ಉತ್ತರ: ನಿಮ್ಮ ಮಗ ಅರ್ಧ ಸರಿ ಅಕ್ಕ. 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಯಾವುದು ಉಲ್ಲಂಘನೆ ಅಲ್ಲ ಅಂತ ಒಂದು ಉದ್ದದ ಪಟ್ಟಿ ಉಂಟು. ಅದ್ರಲ್ಲಿ ಹವ್ಯಾಸಿ ಕ್ಲಬ್ಬು ಅಥವಾ ಸಂಘದವರು ದುಡ್ಡು ಕೊಡದ ಪ್ರೇಕ್ಷಕರ ಎದುರು ಹಾಡಿದ್ರೆ, ನುಡಿಸಿದ್ರೆ ಆಗ್ತದೆ ಅಂತ ಸ್ಪಷ್ಟ ಬರೆದಿದ್ದಾರೆ. ನಿಮ್ಮದು ಅದೇ. ಲಾಭಕ್ಕಲ್ಲದ ಕ್ಲಬ್ಬಿನೊಳಗೆ ರೆಕಾರ್ಡಿಂಗ್ ಹಾಕಿ ಕೇಳಿಸೋದಕ್ಕೂ ಅದೇ ಸೆಕ್ಷನ್‌ನಲ್ಲಿ ಜಾಗ ಉಂಟು. ಆರಾಮಲ್ಲಿ ಹಾಡಿ.

ಟಿಕೆಟ್ ಇಟ್ರೋ, ಕತೆ ಬೇರೆ. ಆವಾಗ ಲೈಸೆನ್ಸ್ ಬೇಕು, ಹಾಡು ಬರೆದವರ ಮತ್ತು ಸಂಗೀತ ಕಟ್ಟಿದವರ ಪರವಾಗಿ ಅದನ್ನು ಕೊಡೋದು ಐಪಿಆರ್‌ಎಸ್ ಅಂತ 1969ರ ಸಂಸ್ಥೆ. ಟಿಕೆಟ್ ಅಲ್ಲ "ಡೋನರ್ ಪಾಸ್" ಅಂತ ಹೆಸರು ಬದಲಾಯಿಸಿದ್ರೆ ಆಗುದಿಲ್ವಾ ಅಂತ ನಮ್ಮಲ್ಲೂ ಒಬ್ರು ಕೇಳಿದ್ರು. ಬಾಗಿಲಲ್ಲಿ ದುಡ್ಡು ತಗೊಂಡು ಒಳಗೆ ಬಿಟ್ರೆ ಹೆಸರು ಎಂತದಿದ್ರೆ ಎಂತ! ಮತ್ತೆ ಹಾಡಿದ್ದನ್ನು ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕೋದು ಈ ವಿನಾಯಿತಿಯೊಳಗೆ ಬರುದಿಲ್ಲ, ಅಲ್ಲಿ ಕ್ಲೈಮ್ ಬಂದ್ರೆ ಮಗನಿಗೆ "ನೀನು ಹೇಳಿದ್ದು ಸರಿ" ಅಂತ ಒಪ್ಕೊಂಡುಬಿಡಿ. ದೊಡ್ಡ ಪ್ರೋಗ್ರಾಂ ಮಾಡುದಾದ್ರೆ ವಕೀಲರ ಹತ್ರ ಒಂದು ಮಾತು ಕೇಳಿ, ನಾನು ಹಾರ್ಮೋನಿಯಂನವ.

ಪ್ರಶ್ನೆ: ನಿಮ್ಮ ಕೂಟದಲ್ಲಿ ಸರಿಯಾಗಿ ಹಾಡ್ಲಿಕ್ಕೆ ಬಾರದವರಿಗೂ ಜಾಗ ಉಂಟಾ? (ಹೆಸರು, ಊರು ಬೇಡ ಎಂದವರು)

ಉತ್ತರ: ನಾನು ಇಷ್ಟು ವರ್ಷದಿಂದ ಇದ್ದೇನಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಕ್ಲಬ್ಬಿನ ವಾದ್ಯಗಳು ಪೂರಾ ಹಾಳಾಗ್ತಾ ಉಂಟು. ಗಿಟಾರಿಗೆ ಬೂಸ್ಟು, ಮೃದಂಗ ಡಬ್ಬ ಬಾರಿಸಿದ ಹಾಗೆ. ನಿಮ್ಮಲ್ಲಿ ಎಂತ ಮಾಡ್ತೀರಿ? (ಕುಂದಾಪುರದಿಂದ ಒಬ್ಬರು)

ಉತ್ತರ: ವರ್ಷಕ್ಕೆ 3,500 ಮಿಲಿಮೀಟರ್ ದಾಟಿ ಮಳೆ ಬೀಳುವ ಕರಾವಳಿಯಲ್ಲಿ ಚರ್ಮ, ಮರ, ತಂತಿ ಮೂರನ್ನೂ ಒಂದೇ ಕೋಣೆಯಲ್ಲಿ ಇಡ್ತೇವೆ ಅಂದ್ರೆ ಅದೇ ಒಂದು ಧೈರ್ಯ. ಪೂರ್ತಿ ಗೆಲ್ಲುವ ದಾರಿ ಇಲ್ಲ. ಹಾಳಾಗೋದನ್ನು ನಿಧಾನ ಮಾಡ್ಬಹುದು.

ಮೃದಂಗದಿಂದ ಶುರು ಮಾಡುವ. ಎಡ ಬದಿಗೆ ರವೆ ಹಚ್ತಾರಲ್ಲ, ನುಡಿಸಿ ಆದ ಕೂಡ್ಲೆ ಅದನ್ನು ಕೆರೆದು ಒರೆಸಿ ಇಡ್ಬೇಕು. ಚಳಿಗಾಲದಲ್ಲಿ ಒಂದು ರಾತ್ರಿ ಮರೆತ್ರೆ ಇರುವೆ ಬರ್ತದೆ, ಜೂನ್‌ನಲ್ಲಿ ಮರೆತ್ರೆ ಹುಳಿ ವಾಸನೆ ಬಂದು ಚರ್ಮ ಮೆತ್ತಗಾಗ್ತದೆ. ಹಂಚಿಕೊಂಡು ಬಳಸುವ ವಾದ್ಯದಲ್ಲಿ ಇದೇ ದೊಡ್ಡ ಸಮಸ್ಯೆ, ಕೊನೆಗೆ ನುಡಿಸಿದವ ಯಾರು ಅಂತಲೇ ಗೊತ್ತಾಗುದಿಲ್ಲ. ನಾವು ಮೃದಂಗದ ಚೀಲದಲ್ಲೇ ಒಂದು ಚಿಕ್ಕ ಪುಸ್ತಕ, ಪೆನ್ನು ಇಟ್ಟಿದ್ದೇವೆ, ನುಡಿಸಿದವ ತಾರೀಕು ಹಾಕಿ "ಒರೆಸಿದೆ" ಅಂತ ಸಹಿ ಮಾಡ್ಬೇಕು. ಕೇಳಿದವರು ನಗ್ತಾರೆ, ಆದ್ರೆ ಮೂರು ಮಳೆಗಾಲ ಆ ಮೃದಂಗ ತಡ್ಕೊಂಡಿದೆ.

ಕಪಾಟಿನೊಳಗೆ ಬಲ್ಬ್ ಉರಿಸುವ ಹಳೆ ಉಪಾಯ ಈಗ್ಲೂ ಒಳ್ಳೇದೇ, ನಲವತ್ತು ವ್ಯಾಟಿನ ಹಳೆ ಕಾಲದ ಬಲ್ಬ್, ಚರ್ಮಕ್ಕಾಗ್ಲಿ ಬಟ್ಟೆಗಾಗ್ಲಿ ತಾಗದ ಹಾಗೆ, ಜನ ಇರುವಾಗ ಮಾತ್ರ. ನಮ್ಮಲ್ಲಿ ಒಬ್ರು ಕರೆಂಟ್ ಉಳಿಸ್ಲಿಕ್ಕೆ ಎಲ್‌ಇಡಿ ಹಾಕಿ ಎರಡು ವಾರ "ಕಪಾಟು ಬೆಚ್ಚಗಾಗ್ತಾನೇ ಇಲ್ಲ" ಅಂತ ಕಾದಿದ್ರು. ಗಿಟಾರಿಗೆ ಗಟ್ಟಿ ಕೇಸ್, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಅದು ನೀರು ಕುಡಿದು ಬಣ್ಣ ಬದಲಾದ ಮೇಲೆ ಬಿಸಿ ಮಾಡಿ ಮತ್ತೆ ಬಳಸ್ಬಹುದು, ಅಡುಗೆ ಪಾತ್ರೆಯಲ್ಲಿ ಮಾತ್ರ ಬೇಡ. ತಂತಿ ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಒಂದು ಎಳೆತ. ಹಾರ್ಮೋನಿಯಂ ಮಳೆಗಾಲದಲ್ಲಿ ದಿನ ಬಿಟ್ಟು ದಿನ ಹತ್ತು ನಿಮಿಷವಾದ್ರೂ ನುಡಿಸ್ಬೇಕು. ತಿಂಗಳುಗಟ್ಲೆ ಮುಚ್ಚಿಟ್ರೆ ಕೀಲಿಗಳು ಉಬ್ಬಿ ಕಚ್ಚಿಕೊಳ್ತವೆ, ಹಿತ್ತಾಳೆ ರೀಡಿಗೆ ಕಿಲುಬು ಹಿಡೀತದೆ. ಅದಕ್ಕೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಹಾರ್ಮೋನಿಯಂ ಹಾಲ್‌ನಲ್ಲಿ ಇರುದಿಲ್ಲ, ನುಡಿಸುವವರ ಮನೆಯಲ್ಲಿ ಪಾಳಿ ಪ್ರಕಾರ ತಿರುಗ್ತದೆ, ಹೆಣ್ಣು ಮಗಳು ಆಟಿ ತಿಂಗಳಲ್ಲಿ ತವರಿಗೆ ಹೋದ ಹಾಗೆ.

ಇದೆಲ್ಲಕ್ಕಿಂತ ಮುಖ್ಯ ಕರೆಂಟು. ಒಂದು ಆಗಸ್ಟಿನಲ್ಲಿ ನಮ್ಮ ಹುಡುಗ ಗಿಟಾರ್ ಹಿಡ್ಕೊಂಡು ಮೈಕಿಗೆ ತುಟಿ ತಾಗಿಸಿದ, ಛಟ್ ಅಂತ ಹಿಂದೆ ಹಾರಿದ. ಹಾಡಿನ ಎಫೆಕ್ಟ್ ಅಂತ ಯಾರೋ ಚಪ್ಪಾಳೆ ಹೊಡೆದ್ರು. ಗಿಟಾರಿನ ಆಂಪ್ಲಿಫೈಯರ್ ಒಂದು ಪ್ಲಗ್ಗಿನಲ್ಲಿ, ಮಿಕ್ಸರ್ ಇನ್ನೊಂದು ಗೋಡೆಯ ಪ್ಲಗ್ಗಿನಲ್ಲಿ, ಹಳೆ ಕಟ್ಟಡದ ಅರ್ಥಿಂಗ್ ಬರೀ ಹೆಸರಿಗೆ, ನಡುವೆ ಸಿಕ್ಕಿದ್ದು ಅವನ ತುಟಿ. ದೇವರ ದಯೆ, ಊದಿಕೊಂಡದ್ದಷ್ಟೇ. ಮರುವಾರ ಕರೆಂಟಿನವರನ್ನು ಕರೆಸಿ ಹೊಸ ಅರ್ಥ್ ಪಿಟ್ ತೋಡಿಸಿ, ಕರೆಂಟ್ ಸೋರಿದ್ರೆ ತಾನೇ ಬಂದ್ ಮಾಡುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಕೂರಿಸಿ, ಸ್ಟೇಜಿನದ್ದೆಲ್ಲ ಒಂದೇ ಬೋರ್ಡಿನಿಂದ ತೆಗೆಯುವ ಹಾಗೆ ಮಾಡಿದೆವು. ಹೊಸ ಸ್ಪೀಕರಿಗೆ ಅಂತ ಕೂಡಿಸಿದ ದುಡ್ಡು ಪೂರಾ ಅದಕ್ಕೇ ಹೋಯ್ತು. ನೀವು ಗಿಟಾರಿನ ಬೂಸ್ಟು ಆಮೇಲೆ ಒರೆಸಿ, ಮೊದ್ಲು ನಿಮ್ಮ ಹಾಲ್‌ನ ಅರ್ಥಿಂಗ್ ಟೆಸ್ಟ್ ಮಾಡಿಸಿ.

ಪ್ರಶ್ನೆ: ನಾನು ನಿಮ್ಮ ಎದುರು ಪಾರ್ಟಿ. ನಮ್ಮ ಮನೆ ಹಿಂದೆ ಹುಡುಗರದ್ದೊಂದು ಮ್ಯೂಸಿಕ್ ಗುಂಪು ಉಂಟು, ಡ್ರಮ್ಸ್ ಬಡಿದು ಬಡಿದು ಸಾಕಾಗಿದೆ. ನನ್ನ ತಾಯಿಗೆ ಎಂಬತ್ತೆರಡು ವರ್ಷ. ಪೊಲೀಸಿಗೆ ಕೊಡ್ಲಾ? (ಮಂಗಳೂರು ಉರ್ವದಿಂದ ಒಬ್ಬರು)

ಉತ್ತರ: ನಿಮ್ಮ ಪತ್ರ ಬಂದದ್ದು ಒಳ್ಳೇದಾಯ್ತು ಸರ್, ಇಲ್ಲದಿದ್ರೆ ಈ ಅಂಕಣ ನಮ್ಮವರ ಭಜನೆಯೇ ಆಗ್ತಿತ್ತು.

ಕಾನೂನು ನಿಮ್ಮ ಕಡೆ ಉಂಟು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವ ಹಾಗಿಲ್ಲ, ಮುಚ್ಚಿದ ಸಭಾಂಗಣದೊಳಗಾದ್ರೆ ವಿನಾಯಿತಿ ಉಂಟು. ವಾಸದ ಏರಿಯಾಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ ನೂರು ಮೀಟರಿನ ನಿಶ್ಶಬ್ದ ವಲಯ ಬೇರೆ. ಡ್ರಮ್‌ಸೆಟ್ಟು ಕಿಟಕಿ ತೆಗೆದಿಟ್ಟು ಬಾರಿಸಿದ್ರೆ 55 ಎಲ್ಲಿ ಉಳೀತದೆ.

ಆದ್ರೆ ಪೊಲೀಸಿಗೆ ಮೊದಲು ಒಂದು ಸಲ ಹೋಗಿ ಮಾತಾಡಿ. ಹಾಗೆ ಹೇಳ್ಲಿಕ್ಕೆ ಕಾರಣ, ನಮ್ಮ ಹಿಂದಿನ ಮನೆಯ ಅಜ್ಜಿ ಒಂದಿನ ಕೋಲೂರಿಕೊಂಡು ಹಾಲ್‌ಗೇ ಬಂದ್ರು. ಬೈತಾರೆ ಅಂತ ನಾವೆಲ್ಲ ಎದ್ದು ನಿಂತ್ರೆ, "ನೀವು ಬಾರಿಸಿ, ನಾನು ಬೇಡ ಹೇಳುದಿಲ್ಲ, ಎಂಟೂವರೆಗೆ ನಿಲ್ಸಿ, ನನಗೆ ಮತ್ತೆ ನಿದ್ದೆ ಬರುದಿಲ್ಲ" ಅಂದ್ರು. ಅಷ್ಟೇ. ಅವತ್ತಿಂದ ಎಂಟು ಇಪ್ಪತ್ತಕ್ಕೆ ಡ್ರಮ್ಸ್ ಬಂದ್.

ನಿಮ್ಮ ಹಿಂದಿನ ಹುಡುಗರು ಇದನ್ನು ಓದ್ತಿದ್ರೆ ಅವರಿಗೂ ಎರಡು ಮಾತು. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದ್ರೆ ಸದ್ದು ಹೊರಗೆ ಹೋಗುದಿಲ್ಲ ಅಂತ ಯಾರೋ ಹೇಳಿರ್ತಾರೆ. ಸುಳ್ಳು. ಅದ್ರಿಂದ ಒಳಗಿನ ಗುಂಯ್ ಸ್ವಲ್ಪ ಕಮ್ಮಿ ಆಗ್ಬಹುದು, ಹೊರಗಿನವರಿಗೆ ಎಂತ ವ್ಯತ್ಯಾಸವೂ ಇಲ್ಲ. ಸದ್ದು ಸೋರೋದು ಸಂದಿಯಲ್ಲಿ, ಬಾಗಿಲ ಕೆಳಗೆ, ಕಿಟಕಿ ಸುತ್ತ, ಮತ್ತೆ ನಮ್ಮ ಊರಲ್ಲಿ ಮುಖ್ಯವಾಗಿ ಹಂಚಿನ ಮಾಡಿನಲ್ಲಿ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕುವಾಗ ಡ್ರಮ್‌ಸೆಟ್ಟಿನ ಬಗ್ಗೆ ಯೋಚನೆ ಮಾಡಿರ್ಲಿಕ್ಕಿಲ್ಲ. ಬಾಗಿಲಿಗೆ ರಬ್ಬರ್ ಪಟ್ಟಿ ಹಾಕಿ, ಮಾಡಿನ ಕೆಳಗೆ ಸೀಲಿಂಗ್ ಹೊಡೆಸಿ, ಅದಕ್ಕೆ ದುಡ್ಡಿಲ್ಲದಿದ್ರೆ ಪ್ರಾಕ್ಟೀಸಿಗೆ ಡ್ರಮ್ಮಿನ ಮೇಲೆ ರಬ್ಬರ್ ಪ್ಯಾಡ್ ಹಾಕಿ. ಅದಕ್ಕೂ ಮೊದ್ಲು ಆ ಎಂಬತ್ತೆರಡರ ಅಮ್ಮನ ಹತ್ರ ಹೋಗಿ ಮಲಗುವ ಟೈಮ್ ಕೇಳಿ ಬನ್ನಿ.

ಪ್ರಶ್ನೆ: ಯಕ್ಷಗಾನದವರು, ಶಾಸ್ತ್ರೀಯದವರು, ಗಿಟಾರಿನವರು ಒಂದೇ ಕ್ಲಬ್ಬಿನಲ್ಲಿ ಇರ್ಲಿಕ್ಕಾಗ್ತದಾ? ನಮ್ಮಲ್ಲಿ ಬಂದವರು ಮೂಲೆ ಮೂಲೆಯಲ್ಲಿ ಕೂರ್ತಾರೆ. (ಬ್ರಹ್ಮಾವರದಿಂದ ಒಬ್ಬರು)

ಉತ್ತರ: ಇರ್ಲಿಕ್ಕಾಗ್ತದೆ, ಒಬ್ಬರ ಭಾಷೆ ಒಬ್ಬರಿಗೆ ಗೊತ್ತಾಗ್ಬೇಕು. ತುಳುವರ ಬೇಷ ತಿಂಗಳ ಹತ್ತಕ್ಕೆ, ಅಂದ್ರೆ ಮೇ 24ರ ಆಸುಪಾಸಿನ ಪತ್ತನಾಜೆಗೆ ಯಕ್ಷಗಾನ ಮೇಳಗಳು ಆ ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಕಲಾವಿದರಿಗೆ ರಾತ್ರಿ ಖಾಲಿ. ಹಾಗೆ ಒಂದು ಜೂನ್‌ನಲ್ಲಿ ಒಬ್ಬ ಭಾಗವತರು ನಮ್ಮಲ್ಲಿ ಬಂದ್ರು. ಗಿಟಾರಿನ ಹುಡುಗ "ಸ್ಕೇಲ್ ಯಾವುದು ಸರ್" ಅಂತ ಕೇಳಿದ. ಅವ್ರು "ಕಪ್ಪು ಒಂದು" ಅಂದ್ರು. ಹುಡುಗ ತನ್ನ ಗಿಟಾರ್ ನೋಡಿದ, ಅದ್ರಲ್ಲಿ ಕಪ್ಪು ಎಲ್ಲಿ ಉಂಟು! ಹಾರ್ಮೋನಿಯಂನ ಬಿಳಿ, ಕಪ್ಪು ಮನೆಗಳ, ಅಂದ್ರೆ ಕೀಲಿಗಳ ಲೆಕ್ಕದಲ್ಲಿ ಶ್ರುತಿ ಹೇಳೋದು ನಮ್ಮ ಕಡೆಯ ಕ್ರಮ ಅಂತ ಅವನಿಗೆ ಯಾರೂ ಹೇಳಿರ್ಲಿಲ್ಲ.

ಮರು ತಿಂಗಳು ಗೋಡೆಗೆ ಒಂದು ಡ್ರಾಯಿಂಗ್ ಶೀಟ್ ಅಂಟಿಸಿದೆವು. ಬಿಳಿ ಒಂದು ಅಂದ್ರೆ ಸಿ, ಕಪ್ಪು ಒಂದು ಸಿ ಶಾರ್ಪ್, ಬಿಳಿ ಎರಡು ಡಿ, ಕಪ್ಪು ಎರಡು ಡಿ ಶಾರ್ಪ್, ಬಿಳಿ ಮೂರು ಇ, ಬಿಳಿ ನಾಲ್ಕು ಎಫ್, ಹೀಗೆ ಬಿಳಿ ಏಳರವರೆಗೆ. ಗಿಟಾರಿನವ ಸಿ ಹಿಡಿತವೇ ಹಿಡಿದು ಮೊದಲ ಫ್ರೆಟ್ಟಿಗೆ ಕೇಪೋ, ಅಂದ್ರೆ ತಂತಿ ಒತ್ತಿ ಹಿಡಿಯುವ ಕ್ಲಿಪ್ ಸಿಕ್ಕಿಸಿದ್ರೆ ಭಾಗವತರ ಕಪ್ಪು ಒಂದು ರೆಡಿ. ಮದ್ದಳೆಯವರು ಅದಕ್ಕೆ ಶ್ರುತಿ ಕೂಡಿಸಿದ್ರು. ಆ ಒಂದು ಶೀಟಿನಿಂದ ಆದ ದೋಸ್ತಿ, ನಾವು ಮಾಡಿದ ಯಾವ ಭಾಷಣದಿಂದಲೂ ಆಗಿರ್ಲಿಲ್ಲ. ಚೆಂಡೆಯನ್ನು ಮಾತ್ರ ಹಾಲ್ ಒಳಗೆ ತಡ್ಕೊಳ್ಳಿಕ್ಕಾಗ್ಲಿಲ್ಲ, ಅಜ್ಜಿಯ ಪರ್ಮಿಷನ್ ತಗೊಂಡು ಅಂಗಳದಲ್ಲಿ ಇಟ್ಟೆವು.

ಈ ವಾದ್ಯ ಇಲ್ಲಿಯದ್ದು, ಆ ವಾದ್ಯ ಅಲ್ಲಿಯದ್ದು ಅಂತ ವಾದ ಮಾಡುವವರಿಗೆ ನಾನು ಹೇಳೋದು ಒಂದೇ. ಕದ್ರಿ ಗೋಪಾಲನಾಥರ ತಂದೆ ನಾಗಸ್ವರದವರು. ಮಗ ಮೈಸೂರಿನ ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದಕ್ಕೆ ಮರುಳಾಗಿ ಅದ್ರಲ್ಲೇ ಕರ್ನಾಟಕ ಸಂಗೀತ ನುಡಿಸಿದ್ರು, 2004ರಲ್ಲಿ ಪದ್ಮಶ್ರೀ ಬಂತು. ಈಗ ನಮ್ಮ ದೇವಸ್ಥಾನಗಳ ಉತ್ಸವದಲ್ಲಿ ಸ್ಯಾಕ್ಸೋಫೋನ್ ಇಲ್ಲದಿದ್ರೆ ಎಂತದೋ ಕಮ್ಮಿ ಅನ್ನಿಸ್ತದೆ.

ಪ್ರಶ್ನೆ: ದುಡ್ಡಿಗೆ ಬಹಳ ಕಷ್ಟ. ಕ್ಲಬ್ಬಿನ ಹೆಸರಲ್ಲಿ ಮದುವೆ ಮುಂಚಿನ ಮೆಹಂದಿ, ರೋಸ್ ಫಂಕ್ಷನ್‌ಗಳಿಗೆ ಆರ್ಕೆಸ್ಟ್ರಾ ಒಪ್ಪಿಕೊಳ್ಳುವ ಅಂತ ಕೆಲವರ ಒತ್ತಾಯ. (ಮೂಡುಬಿದಿರೆಯಿಂದ ಒಬ್ಬರು)

ಉತ್ತರ: ಬೇಡ ಮಾರಾಯ್ರೆ. ನಾವು ಮಾಡಿ ನೋಡಿದ್ದೇವೆ. ಮೊದಲ ಬುಕ್ಕಿಂಗಿಗೆ ಒಳ್ಳೇ ಹಾಡುವ ಆರು ಜನ ಹೋದ್ರು. ಉಳಿದವರಿಗೆ "ನಾವ್ಯಾಕೆ ಇಲ್ಲ" ಅಂತ ಬೇಜಾರು. ಎರಡನೆಯದಕ್ಕೆ ಕ್ಲಬ್ಬಿನ ಮಿಕ್ಸರ್ ಹೋಯ್ತು, ಬರುವಾಗ ಎರಡು ಚಾನೆಲ್ ಸತ್ತಿತ್ತು, ಯಾರ ಕೈಯಲ್ಲಿ ಅಂತ ಇವತ್ತಿಗೂ ಗೊತ್ತಿಲ್ಲ. ಮೂರನೆಯದ್ರ ಡೇಟು ಎರಡನೇ ಆದಿತ್ಯವಾರವೇ ಬಂತು. ಅವತ್ತು ಮೊದಲ ಸಲ ಹಾಲ್ ಬಾಗಿಲು ತೆಗೀಲಿಲ್ಲ, ಮೂರು ಜನ ಮೆಟ್ಟಿಲ ಮೇಲೆ ಕೂತು ವಾಪಸ್ ಹೋದ್ರಂತೆ. ಅದನ್ನು ಕೇಳಿದ ಮೇಲೆ ನಿಲ್ಲಿಸಿದೆವು. ಸದಸ್ಯರು ಸ್ವಂತ ಹೆಸರಲ್ಲಿ ಎಷ್ಟು ಪ್ರೋಗ್ರಾಂ ಬೇಕಾದ್ರೂ ಮಾಡ್ಲಿ, ಅದು ಅವರ ಅನ್ನ. ಕ್ಲಬ್ಬಿನ ಹೆಸರು, ಕ್ಲಬ್ಬಿನ ಮಿಕ್ಸರ್ ಹೊರಗೆ ಹೋಗ್ಲಿಕ್ಕಿಲ್ಲ. ದುಡ್ಡಿಗೆ ಬಾಗಿಲಲ್ಲಿ ಒಂದು ಡಬ್ಬ ಇಟ್ಟಿದ್ದೇವೆ, ಹಾಕ್ಲೇಬೇಕು ಅಂತಿಲ್ಲ, ಯಾರು ಎಷ್ಟು ಹಾಕಿದ್ರು ಅಂತ ನೋಡ್ಲಿಕ್ಕೂ ಇಲ್ಲ. ಎಷ್ಟು ಬಂತು, ಎಂತಕ್ಕೆ ಹೋಯ್ತು ಅಂತ ಪ್ರತಿ ತಿಂಗಳು ಅದೇ ಸ್ಲೇಟಿನ ಹಿಂದೆ ಬರೀತೇವೆ. "ಅರ್ಥಿಂಗ್‌ಗೆ ಖಾಲಿ" ಅಂತ ಬರೆದ ತಿಂಗಳೇ ಡಬ್ಬ ಹೆಚ್ಚು ತುಂಬಿದ್ದು.

ಪ್ರಶ್ನೆ: ನಮ್ಮ ಕ್ಲಬ್ಬಿಗೆ ಈಗ ಎಪ್ಪತ್ತು ಜನ. ಆದ್ರೆ ಕೆಲಸ ಮಾಡೋದು ನಾವಿಬ್ರೇ, ನಾನು ಮತ್ತು ನನ್ನ ಭಾವ. ಬಿಟ್ಟುಬಿಡುವ ಅನ್ನಿಸ್ತದೆ. (ಪುತ್ತೂರಿನಿಂದ ಒಬ್ಬರು)

ಉತ್ತರ: ಹಾಲ್‌ನ ಕೀ ಎಷ್ಟು ಜನರ ಹತ್ರ ಉಂಟು? ನಿಮ್ಮ ಹತ್ರ ಒಂದು, ಭಾವನ ಹತ್ರ ಒಂದು, ಅಲ್ವಾ? ಹಾಗಾದ್ರೆ ನಿಮ್ಮ ಕ್ಲಬ್ ಇಬ್ಬರದ್ದೇ, ಉಳಿದ ಅರವತ್ತೆಂಟು ಜನ ನಿಮ್ಮ ಮನೆಗೆ ಬಂದ ನೆಂಟರು. ನೆಂಟರು ಕುರ್ಚಿ ಎತ್ತುದಿಲ್ಲ, ಎತ್ಬೇಕು ಅಂತ ಅವರಿಗೆ ತೋಚುದೂ ಇಲ್ಲ.

ನಮ್ಮಲ್ಲಿ ನಾನೇ ಹಾಗಿದ್ದೆ. ಆರು ವರ್ಷ ಕೀ ನನ್ನ ಸ್ಕೂಟರಿನ ಕೀಗೆ ಕಟ್ಕೊಂಡೇ ಇತ್ತು. ಯಾರಾದ್ರೂ "ನಾನು ಬೇಗ ಹೋಗಿ ಗುಡಿಸಿ ಇಡ್ಲಾ" ಅಂತ ಕೇಳಿದ್ರೆ "ಬೇಡ ಬೇಡ, ನಾನು ಬರ್ತೇನೆ" ಅಂತಿದ್ದೆ. ಆಮೇಲೆ ಮನೆಗೆ ಬಂದು ಯಾರೂ ಕೆಲಸ ಮಾಡುದಿಲ್ಲ ಅಂತ ಹೆಂಡತಿ ಹತ್ರ ಗೊಣಗೋದು. ಅವಳು ಒಂದು ದಿನ ಕೇಳಿಯೇ ಬಿಟ್ಳು, "ನೀವು ಬಿಡ್ತೀರಾ ಮೊದ್ಲು?" ನನಗೆ ಟೈಫಾಯ್ಡ್ ಬಂದು ಮಲಗಿದ ತಿಂಗಳು ಬೇರೆ ದಾರಿ ಇಲ್ಲದೆ ಕೀ ಕೊಟ್ಟೆ, ಆ ಸ್ಲೇಟಿನ ಹುಡುಗಿಗೆ, ಆವಾಗ ಅವಳು ಡಿಗ್ರಿಯಲ್ಲಿದ್ಳು. ಅವಳು ಕೀ ಮಾಡುವವನ ಹತ್ರ ಹೋಗಿ ನನ್ನನ್ನು ಕೇಳದೆ ಐದು ಡೂಪ್ಲಿಕೇಟ್ ಮಾಡಿಸಿ ಹಂಚಿಬಿಟ್ಟಿದ್ಳು. ನಿಜ ಹೇಳ್ತೇನೆ, ಕೇಳುವಾಗ ಸಿಟ್ಟು ಬಂತು. ಆದ್ರೆ ಮುಂದಿನ ತಿಂಗಳು ನಾನು ಐದೂವರೆಗೆ ಹೋಗುವಾಗ ನೆಲ ಒರೆಸಿ ಆಗಿತ್ತು, ಜಮಖಾನ ಹಾಸಿತ್ತು, ಇಬ್ರು ವಯರ್ ಸುತ್ತೋದು ಹೇಗೆ ಅಂತ ಜಗಳ ಮಾಡ್ತಿದ್ರು, ನನಗೆ ಕೂರ್ಲಿಕ್ಕೆ ಹೇಳಿ ಯಾರೋ ಚಾ ತಂದ್ಕೊಟ್ರು. ನನ್ನ ಹೆಸರು ಸ್ಲೇಟಿನಲ್ಲಿ ಇಪ್ಪತ್ತೆರಡನೆಯದು.

ನೀವು ಮತ್ತು ಭಾವ ಈ ವಾರವೇ ಕೀ ಅಂಗಡಿಗೆ ಹೋಗಿ. ಕೊಡುವಾಗ ಒಳ್ಳೇ ಹಾಡುವವರಿಗೆ ಅಂತ ನೋಡ್ಬೇಡಿ, ಪ್ರೋಗ್ರಾಂ ಮುಗಿದ ಮೇಲೆ ಸುಮ್ಮನೆ ಅತ್ತಿತ್ತ ತಿರುಗ್ತಾ ಮನೆಗೆ ಹೋಗ್ಲಿಕ್ಕೆ ಮನಸ್ಸಿಲ್ಲದ ಹಾಗೆ ಇರ್ತಾರಲ್ಲ ಕೆಲವ್ರು, ಅವರಿಗೆ ಕೊಡಿ. ಒಂದು ಸಲ ಯಾರಾದ್ರೂ ಫ್ಯಾನ್ ಆಫ್ ಮಾಡ್ಲಿಕ್ಕೆ ಮರೀತಾರೆ, ಇನ್ನೊಂದು ಸಲ ಬಾಗಿಲು ಹಾಕ್ಲಿಕ್ಕೇ ಮರೀತಾರೆ. ಮರೀಲಿ.

ಸುರತ್ಕಲ್‌ನವರಿಗೆ ಇನ್ನೊಂದು ವಿಷಯ ಬಿಟ್ಟುಹೋಯ್ತು. ನಮ್ಮಲ್ಲಿ ಒಂದು ಮೈಕ್ ಸ್ಟ್ಯಾಂಡ್ ಹೆಚ್ಚಿಗೆ ಉಂಟು, ಕತ್ತಿನ ಸ್ಕ್ರೂ ಲೂಸ್, ಒಂದು ಸುತ್ತು ಇನ್ಸುಲೇಷನ್ ಟೇಪ್ ಹಾಕಿದ್ರೆ ನಿಲ್ತದೆ. ಬೇಕಿದ್ರೆ ಎರಡನೇ ಆದಿತ್ಯವಾರ ಬಂದು ತಗೊಂಡು ಹೋಗಿ. ಬಂದ ಕೂಡ್ಲೆ ಸ್ಲೇಟಿನಲ್ಲಿ ಹೆಸರು ಬರೆಸಿ, ಐದು ಜನ ಬಂದ್ರೆ ಐದು ಹೆಸರು.